ಹೊಕ್ಕುಳ ಸುತ್ತ ನೀರುಗುಳ್ಳೆ: ಸರ್ಪಸುತ್ತು ಅಲ್ಲವಂತೆ, ಹಾಗಾದರೆ ಎಂತ?

ಪೆರ್ಲದ ಅಳಿಯ (ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ನನ್ನ ಹೆಂಡತಿಗೆ ಈಗ ಏಳು ತಿಂಗಳು. ಎರಡನೇ ಬಸಿರು. ಮೂರು ವಾರದ ಹಿಂದೆ ಹೊಕ್ಕುಳ ಹತ್ತಿರ ತುರಿಕೆ ಶುರುವಾಯಿತು. ಸೆಕೆಗೆ ಇರಬೇಕು ಎಂದುಕೊಂಡೆವು. ಆಮೇಲೆ ಕೆಂಪು ದದ್ದು ಎದ್ದಿತು. ನಾಲ್ಕೈದು ದಿನ ಕಳೆಯುವಾಗ ದದ್ದಿನ ಅಂಚಿನಲ್ಲಿ ನೀರುಗುಳ್ಳೆ. ಈಗ ಹೊಟ್ಟೆ, ತೊಡೆ, ತೋಳಿಗೆಲ್ಲ ಹಬ್ಬಿದೆ. ಮುಖದಲ್ಲಿ ಇಲ್ಲ, ಬಾಯೊಳಗೂ ಇಲ್ಲ. ರಾತ್ರಿ ನಿದ್ದೆಯೇ ಇಲ್ಲ ಅವಳಿಗೆ.

ಅತ್ತೆ ನೋಡಿದ ಕೂಡಲೇ ಸರ್ಪಸುತ್ತು ಎಂದರು. ಆಶ್ಲೇಷಾ ಬಲಿ ಹೇಳಿಕೊಂಡೂ ಆಯಿತು. ನಾನು ಬೇಡ ಎನ್ನಲಿಲ್ಲ. ಆದರೆ ಆಸ್ಪತ್ರೆಗೂ ಕರೆದುಕೊಂಡು ಹೋದೆ. ನಮ್ಮದು ಕಾಸರಗೋಡು ಜಿಲ್ಲೆ, ಅಲ್ಲಿನ ಸಿಸ್ಟರ್ ಮಲಯಾಳದಲ್ಲಿ "ಕುಮಿಳ ಉಂಡೋ?" ಎಂದು ಕೇಳಿದರು. ಗುಳ್ಳೆ ಇದೆಯಾ ಎಂದು ಅರ್ಥ. ಇವಳು, ಊರು ಕುಂಬಳೆಯಾ ಎಂದು ಕೇಳಿದ್ದು ಅಂದುಕೊಂಡು "ಅಲ್ಲ, ಪೆರ್ಲ" ಎಂದಳು. ಆ ದಿನ ನಾವು ನಕ್ಕದ್ದು ಅದೊಂದಕ್ಕೇ.

ಅಲ್ಲಿಂದ ಮಂಗಳೂರಿಗೆ ಕಳಿಸಿದರು. ಚರ್ಮದ ಡಾಕ್ಟರು ನೋಡಿ ಪೆಂಫಿಗಾಯ್ಡ್ ಜೆಸ್ಟೇಷನಿಸ್ ಇರಬೇಕು ಎಂದರು. ಚರ್ಮದ ಎರಡು ಚೂರು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ. "ಇವರ ರೋಗನಿರೋಧಕ ಕಣಗಳೇ ಇವರ ಚರ್ಮಕ್ಕೆ ಹೊಡೆಯುತ್ತಿವೆ" ಎಂದರು. ಪ್ರೆಡ್ನಿಸೊಲೋನ್ ಮಾತ್ರೆ ಬರೆದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಹೆಚ್ಚು ಕೇಳಲಿಕ್ಕೆ ಆಗಲಿಲ್ಲ.

ಚೀಟಿಯಲ್ಲಿ "ಬಿಪಿ 180" ಎಂದು ಬರೆದದ್ದು ಕಂಡು ನನ್ನ ಎದೆ ಧಸಕ್ಕೆಂದಿತು. ಅವಳ ಬಿಪಿ ಯಾವಾಗಲೂ 110 ಆಸುಪಾಸು!

ಯಾರಿಗಾದರೂ ಗೊತ್ತಿದ್ದರೆ ಹೇಳಿ. ಮೊದಲ ಬಸಿರಿನಲ್ಲಿ ಏನೂ ಇರಲಿಲ್ಲ. ಈಗ ಕಣಗಳಿಗೆ ಎಂತ ತಲೆ ಕೆಟ್ಟಿತು?

ಬದಿಯಡ್ಕದ ಮಾಷ್ಟ್ರು

ತಮ್ಮಾ, ಸರ್ಪಸುತ್ತು ಅಲ್ಲ ಎಂದು ನಾನೇ ಹೇಳುತ್ತೇನೆ. ನನಗೆ ಎರಡು ಸಲ ಬಂದಿದೆ. ಸರ್ಪಸುತ್ತು ಒಂದೇ ಮಗ್ಗುಲಿಗೆ, ಪಟ್ಟಿ ಕಟ್ಟಿದ ಹಾಗೆ ಬರುತ್ತದೆ. ತುರಿಕೆಗಿಂತ ಉರಿ, ನೋವು ಜಾಸ್ತಿ. ತಲೆಯೂ ಬಾಲವೂ ಕೂಡಿದರೆ ಆಯಸ್ಸು ಮುಗಿಯಿತು ಎಂದು ನಮ್ಮ ಅಜ್ಜಿ ಹೆದರಿಸುತ್ತಿದ್ದರು. ನನಗೆ ಕೂಡಿಯೇ ಇಲ್ಲ ಅದು. ಒಂದು ನರದ ದಾರಿಯಲ್ಲಿ ಮಾತ್ರ ಬರುವ ವೈರಸ್ಸು, ಹಾಗಾಗಿ ಬೆನ್ನಿನ ನಡುಗೆರೆ ದಾಟುವುದು ಬಹಳ ಅಪರೂಪ.

ನಿಮ್ಮ ಮನೆಯವರಿಗೆ ಎರಡೂ ಬದಿಗೆ ಬಂದಿದೆ ಅಲ್ವಾ? ಅತ್ತೆಯವರಿಗೆ ಅದನ್ನೇ ಹೇಳಿ ನೋಡಿ. ವಿಜ್ಞಾನ ಹೇಳಿದರೆ ಒಪ್ಪಲಿಕ್ಕಿಲ್ಲ. ಲೆಕ್ಕ ಹೇಳಿದರೆ ಒಪ್ಪುತ್ತಾರೆ.

ನೀರ್ಚಾಲಿನ ಲ್ಯಾಬಿನವಳು

ನಾನು ಡಾಕ್ಟರ್ ಅಲ್ಲ. ಮಂಗಳೂರಿನ ಒಂದು ಲ್ಯಾಬಿನಲ್ಲಿ ಚರ್ಮದ ಸ್ಲೈಡ್ ಮಾಡುವವಳು. ಮದ್ದಿನ ವಿಷಯ ನಿಮ್ಮ ಡಾಕ್ಟರನ್ನೇ ಕೇಳಬೇಕು. ಒಳಗೆ ಎಂತ ನಡೆಯುತ್ತದೆ ಎಂದು ಮಾತ್ರ ನಾನು ಹೇಳಬಲ್ಲೆ.

ಮೊದಲು ಹೆಸರಿನ ಕಥೆ. ಅತ್ತೆಗೆ ಬೈಯಬೇಡಿ. ಅವರು ಮಾಡಿದ ತಪ್ಪನ್ನೇ ದೊಡ್ಡ ಡಾಕ್ಟರುಗಳೂ ಮಾಡಿದ್ದಾರೆ. 1872ರಲ್ಲಿ ಮಿಲ್ಟನ್ ಎಂಬವರು ಈ ಕಾಯಿಲೆಗೆ ಹರ್ಪಿಸ್ ಜೆಸ್ಟೇಷನಿಸ್ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಹರ್ಪಿಸ್ ಎಂದರೆ ತೆವಳುವುದು. ಗುಳ್ಳೆ ತೆವಳಿಕೊಂಡು ಹಬ್ಬುತ್ತದೆ, ಅದಕ್ಕೆ ಆ ಹೆಸರು. ನಮ್ಮವರಿಗೆ ತೆವಳುವುದು ಎಂದರೆ ಸರ್ಪ. ಎರಡೂ ಒಂದೇ ಅಲ್ವಾ? ಸರ್ಪಸುತ್ತು ತರುವ ಹರ್ಪಿಸ್ ಜಾತಿಯ ವೈರಸ್ಸಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಆದರೂ ನೂರು ವರ್ಷಕ್ಕೂ ಹೆಚ್ಚು ಕಾಲ ಪುಸ್ತಕದಲ್ಲಿ ಆ ಹೆಸರೇ ಇತ್ತು. ಎಷ್ಟು ಬಸುರಿಯರು ಅದನ್ನು ಓದಿ ಹೆದರಿದರೋ ಏನೋ.

ಬಿಪಿ 180 ಎಂದರೆ ರಕ್ತದೊತ್ತಡ ಅಲ್ಲ. ಅದೊಂದು ಪ್ರೋಟೀನಿನ ಹೆಸರು. ಕೊಲಾಜೆನ್ 17 ಎಂದೂ ಕರೆಯುತ್ತಾರೆ. ನಮ್ಮ ಮುರಕಲ್ಲಿನ ಗೋಡೆ, ಅದರ ಮೇಲಿನ ಸಾರಣೆ ನೆನಪು ಮಾಡಿಕೊಳ್ಳಿ. ಚರ್ಮದ ಮೇಲಿನ ಪದರ ಸಾರಣೆ, ಕೆಳಗಿನದ್ದು ಕಲ್ಲು. ಎರಡನ್ನೂ ಹಿಡಿದು ನಿಲ್ಲಿಸಲು ನಡುವೆ ಸಾವಿರಾರು ಸಣ್ಣ ಕೊಕ್ಕೆಗಳಿವೆ. ಆ ಕೊಕ್ಕೆಯ ಒಂದು ಭಾಗ ಬಿಪಿ 180. ಕೊಕ್ಕೆ ಕಳಚಿದರೆ ನಡುವೆ ನೀರು ತುಂಬುತ್ತದೆ. ಆಟಿಯ ಮಳೆಗೆ ಸಾರಣೆ ಉಬ್ಬಿ ನಿಲ್ಲುತ್ತದಲ್ಲ, ಹಾಗೆ. ಅದೇ ನಿಮ್ಮ ನೀರುಗುಳ್ಳೆ. ಇಡೀ ಮೇಲ್ಪದರವೇ ಮುಚ್ಚಳವಾಗಿರುವುದರಿಂದ ಗುಳ್ಳೆ ಬಿಗಿಯಾಗಿರುತ್ತದೆ, ಮುಟ್ಟಿದ ಕೂಡಲೇ ಒಡೆಯುವುದಿಲ್ಲ.

ಕೊಕ್ಕೆ ಕಳಚುವವರು ಯಾರು ಎಂಬುದು ಪ್ರಶ್ನೆ. ಅದನ್ನು ನಾಳೆ ಬರೆಯುತ್ತೇನೆ. ಅನ್ನಕ್ಕೆ ಇಟ್ಟಿದ್ದೇನೆ.

ಅಡಿಕೆ ಸುಲಿಯುವವ

ಅಕ್ಕಾ, ಕಥೆ ಅರ್ಧಕ್ಕೆ ನಿಲ್ಲಿಸಿ ಅನ್ನಕ್ಕೆ ಹೋಗುವುದು ಸೀರಿಯಲ್ಲಿನವರ ಬುದ್ಧಿ.

ನೀರ್ಚಾಲಿನ ಲ್ಯಾಬಿನವಳು (ಬುಧವಾರ)

ಬಂದೆ ಮಾರಾಯ್ರೆ.

ಶುರುವಾಗುವುದು ಚರ್ಮದಲ್ಲಿ ಅಲ್ಲ, ಮಾಸಿನಲ್ಲಿ. ಆಸ್ಪತ್ರೆಯವರು ಪ್ಲಾಸೆಂಟಾ ಎನ್ನುತ್ತಾರೆ. ಬಿಪಿ 180 ಚರ್ಮದಲ್ಲಿ ಮಾತ್ರ ಇರುವುದಲ್ಲ. ಮಾಸಿನಲ್ಲೂ ಇದೆ, ಮಗುವಿನ ನೀರಿನ ಚೀಲದ ಪೊರೆಯಲ್ಲೂ ಇದೆ. ಮಾಸು ಮಗುವಿನ ಕಡೆಯದ್ದು. ಅದರ ಜೀನುಗಳಲ್ಲಿ ಅರ್ಧ ಅಪ್ಪನವು. ಅಂದರೆ ತಾಯಿಯ ಮೈಗೆ ಅದು ಅರ್ಧ ನೆಂಟ, ಅರ್ಧ ಪರಕೀಯ.

ನಮ್ಮ ಮೈಯ ಕೆಲವು ಕಣಗಳು ಪ್ರೋಟೀನಿನ ಚೂರುಗಳನ್ನು ತಟ್ಟೆಯಲ್ಲಿಟ್ಟು ಟಿ ಕಣಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಆ ತಟ್ಟೆಗೆ ಎಂಎಚ್‌ಸಿ ಕ್ಲಾಸ್ 2 ಎಂದು ಹೆಸರು. ಮಾಸಿನ ಕಣಗಳು ಸಾಮಾನ್ಯವಾಗಿ ಈ ತಟ್ಟೆ ಹೊರಗೆ ತೆಗೆಯುವುದೇ ಇಲ್ಲ. ತೆಗೆಯದೆ ಸುಮ್ನೆ ಇರುವುದರಿಂದಲೇ ಒಂಬತ್ತು ತಿಂಗಳು ಜಗಳವಿಲ್ಲದೆ ನಡೆಯುತ್ತದೆ. ಈ ಕಾಯಿಲೆಯಲ್ಲಿ ಮಾಸಿನ ಕಣಗಳು ತಟ್ಟೆ ಹೊರಗೆ ಇಡುತ್ತವೆ. ತಟ್ಟೆ ಅಪ್ಪನ ಮನೆಯದ್ದು, ಅದರಲ್ಲಿ ಬಿಪಿ 180ರ ಚೂರು. ತಾಯಿಯ ಟಿ ಕಣ ಬಂದು ನೋಡುತ್ತದೆ. ಇದು ನಮ್ಮದಲ್ಲ ಎಂದು ತೀರ್ಮಾನಿಸುತ್ತದೆ. ಈಗ ಹೆಚ್ಚಿನವರು ಒಪ್ಪುವ ವಿವರಣೆ ಇದು.

ಹೀಗೆ ಎಚ್ಚೆತ್ತ ಟಿ ಕಣಕ್ಕೆ ಸಹಾಯಕ ಟಿ ಕಣ ಎಂದು ಹೆಸರು. ತಾನು ಹೊಡೆಯುವುದಿಲ್ಲ, ಹೊಡೆಯುವವರನ್ನು ಕೂಗುತ್ತದೆ. ಅದರ ಕೂಗಿಗೆ ಬಿ ಕಣ ಎದ್ದು, ಪ್ಲಾಸ್ಮಾ ಕಣವಾಗಿ, ಆಂಟಿಬಾಡಿ (ಗುರಿಗೆ ಹೋಗಿ ಅಂಟುವ ರಕ್ಷಣೆಯ ಪ್ರೋಟೀನು) ಸುರಿಸಲು ಶುರು ಮಾಡುತ್ತದೆ. ಐಜಿಜಿ ಎಂಬ ಜಾತಿಯ ಆಂಟಿಬಾಡಿ. ಗುರಿ ಬಿಪಿ 180ರ ಒಂದು ಸಣ್ಣ ತುಂಡು, ಹೆಸರು ಎನ್‌ಸಿ 16ಎ. ಆಂಟಿಬಾಡಿಗೆ ಮಾಸು ಯಾವುದು, ಚರ್ಮ ಯಾವುದು ಎಂದು ಗೊತ್ತಾಗುವುದಿಲ್ಲ. ಎರಡು ಕಡೆಯೂ ಅದೇ ಪ್ರೋಟೀನು. ರಕ್ತದಲ್ಲಿ ತಿರುಗುತ್ತಾ ಚರ್ಮದ ಕೊಕ್ಕೆಗೂ ಹೋಗಿ ಅಂಟುತ್ತದೆ.

ಇನ್ನು ಮುಖ್ಯ ವಿಷಯ. ಆಂಟಿಬಾಡಿ ಅಂಟಿದ ಮಾತ್ರಕ್ಕೆ ಗೋಡೆ ಬೀಳುವುದಿಲ್ಲ. ತಲಪಾಡಿಯಿಂದ ಹೆದ್ದಾರಿ ಅಗಲ ಮಾಡುವಾಗ ನೋಡಿದ್ದೀರಲ್ಲ? ಮೊದಲು ಒಬ್ಬ ಬಂದು ಗೋಡೆಗೆ ಬಣ್ಣದ ಗುರುತು ಹಾಕಿ ಹೋಗುತ್ತಾನೆ. ಜೆಸಿಬಿ ಬರುವುದು ಆಮೇಲೆ. ಆಂಟಿಬಾಡಿ ಆ ಬಣ್ಣದವನು. ಗುರುತು ಬಿದ್ದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳು ಕೂಡುತ್ತವೆ, ಅದರಲ್ಲೂ ಸಿ 3. ಆ ಗಲಾಟೆಗೆ ಹತ್ತಿರದ ಮಾಸ್ಟ್ ಕಣಗಳು ತಮ್ಮೊಳಗಿನ ಹಿಸ್ಟಮಿನ್ ಚೆಲ್ಲುತ್ತವೆ. ತುರಿಕೆಗೆ ಅದೂ ಒಂದು ಕಾರಣ. ಆಮೇಲೆ ಇಯೋಸಿನೊಫಿಲ್ ಮತ್ತು ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪಾಗಿ ಬರುತ್ತವೆ. ಇವೇ ಜೆಸಿಬಿ. ಇವು ಚೆಲ್ಲುವ ಎನ್‌ಜೈಮುಗಳು ಕೊಕ್ಕೆಯನ್ನು ಕತ್ತರಿಸುತ್ತವೆ.

ಸ್ಲೈಡಿನಲ್ಲಿ ನಾನು ನೋಡುವುದು ಆ ಇಯೋಸಿನೊಫಿಲ್ಲುಗಳನ್ನೇ. ಒಳಗೆ ಕಿತ್ತಳೆ ಕೆಂಪಿನ ಕಾಳುಗಳು, ಕುಚ್ಚಲಕ್ಕಿ ನುಚ್ಚಿನ ಹಾಗೆ. ಗುಳ್ಳೆಯ ನೀರಿನಲ್ಲಿ ತೇಲುತ್ತಿರುತ್ತವೆ.

ಪೆರ್ಲದ ಅಳಿಯ

ಅಕ್ಕಾ, ಕೈಮುಗಿದೆ. ಇವಳಿಗೆ ಓದಿ ಹೇಳಿದೆ. "ಅಪ್ಪನ ಮನೆಯ ತಟ್ಟೆ" ಎಂದ ಕೂಡಲೇ "ನೋಡಿದಿರಾ, ತಪ್ಪು ನಿಮ್ಮದೇ" ಎಂದಳು. ಈಗ ಮನೆಯಲ್ಲಿ ನನ್ನ ಸ್ಥಿತಿ ಕೇಳಬೇಡಿ.

ರಕ್ತ ಪರೀಕ್ಷೆಯಲ್ಲಿ ಇಯೋಸಿನೊಫಿಲ್ ಜಾಸ್ತಿ ಇದೆ ಎಂದು ಬಂದಿತ್ತು. ಇಲ್ಲಿ ಒಬ್ಬರು ಹುಳದ ತೊಂದರೆ ಎಂದಿದ್ದರು.

ನೀರ್ಚಾಲಿನ ಲ್ಯಾಬಿನವಳು

ಹುಳಕ್ಕೂ ಏರುತ್ತದೆ, ಅಲರ್ಜಿಗೂ ಏರುತ್ತದೆ, ಇದಕ್ಕೂ ಕೆಲವರಿಗೆ ಏರುತ್ತದೆ. ನಮ್ಮೂರಲ್ಲಿ ಕೆಮ್ಮು ಬಂದರೂ ಈಸ್ನೋಫೀಲಿಯಾ, ದಮ್ಮು ಬಂದರೂ ಈಸ್ನೋಫೀಲಿಯಾ. ಆ ಒಂದು ಲೆಕ್ಕ ನೋಡಿ ಯಾವುದನ್ನೂ ತೀರ್ಮಾನಿಸಲು ಆಗುವುದಿಲ್ಲ.

ಮತ್ತೆ, ತಪ್ಪು ನಿಮ್ಮದಲ್ಲ! ತಾಯಿಗೆ ಎಚ್‌ಎಲ್‌ಎ ಡಿಆರ್ 3, ಡಿಆರ್ 4 ಎಂಬ ಬಗೆಯ ತಟ್ಟೆಗಳಿದ್ದರೆ ಸಾಧ್ಯತೆ ಜಾಸ್ತಿ. ಹಾಗೆಂದು ಅವು ಇರುವ ಎಲ್ಲರಿಗೂ ಬರುವುದಿಲ್ಲ. ಸುಮಾರು 50,000 ಬಸಿರಿಗೆ ಒಂದು ಎಂಬ ಲೆಕ್ಕ ಪುಸ್ತಕಗಳಲ್ಲಿ ಇದೆ.

ಚಂದ್ರಗಿರಿ ದಡ

ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ. ಪೆರ್ಲ ಎಂದರೆ ಎಣ್ಮಕಜೆ ಪಂಚಾಯತು. ಅಲ್ಲಿ ಗೇರು ತೋಟಗಳಿಗೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದಾರೆ. ಅದರಿಂದ ಇರಬಹುದಾ? ನಮ್ಮ ಕಡೆ ಎಂತ ಬಂದರೂ ಮೊದಲು ಮನಸ್ಸಿಗೆ ಬರುವುದು ಅದೇ.

ಬದಿಯಡ್ಕದ ಮಾಷ್ಟ್ರು

ಬರುವುದು ಸಹಜ. ನನ್ನ ಕ್ಲಾಸಿನಲ್ಲೇ ಅಂಥ ಮಕ್ಕಳಿದ್ದರು. ಆ ಸಂಕಟ ಕಣ್ಣಾರೆ ಕಂಡವನು ನಾನು. ಆದರೆ ಈ ಕಾಯಿಲೆಗೆ ಹೆಸರಿಟ್ಟದ್ದು 1872ರಲ್ಲಿ ಎಂದು ಮೇಲೆ ಬರೆದಿದ್ದಾರೆ. ಎಂಡೋಸಲ್ಫಾನ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಎಲ್ಲವನ್ನೂ ಅದರ ತಲೆಗೆ ಕಟ್ಟಿದರೆ ನಿಜವಾಗಿ ಅದರಿಂದ ನರಳಿದವರ ಮಾತಿಗೂ ಬೆಲೆ ಕಡಿಮೆಯಾಗುತ್ತದೆ.

ಶಾರ್ಜಾ ಸಿಸ್ಟರ್, ಮೂಲ ಉಪ್ಪಳ

ಲ್ಯಾಬಿನ ಅಕ್ಕ ಚೆನ್ನಾಗಿ ಬರೆದಿದ್ದಾರೆ. ಒಂದು ಆಕ್ಷೇಪ ಇದೆ. ಇದನ್ನು ಓದಿದ ಬಸುರಿಯರೆಲ್ಲ ಹೊಟ್ಟೆ ತುರಿಸಿದ ಕೂಡಲೇ ಇದೇ ಕಾಯಿಲೆ ಎಂದುಕೊಳ್ಳಬಹುದು. ಹೆರಿಗೆ ವಾರ್ಡಿನಲ್ಲಿ ನಾನು ನೋಡುವ ತುರಿಕೆಗಳಲ್ಲಿ ಇದು ತೀರಾ ಕಡಿಮೆ.

ಹೆಚ್ಚಾಗಿ ಕಾಣುವುದು ಇನ್ನೊಂದು. ಮೊದಲ ಬಸಿರಿನ ಕೊನೆಯ ವಾರಗಳಲ್ಲಿ, ಹೊಟ್ಟೆಯ ಚರ್ಮ ಹಿಗ್ಗಿದ ಗೆರೆಗಳಲ್ಲೇ ಕೆಂಪು ದದ್ದು ಏಳುತ್ತದೆ. ಅದು ಹೊಕ್ಕುಳನ್ನು ಬಿಟ್ಟು ಸುತ್ತ ಬರುತ್ತದೆ. ಪೆಂಫಿಗಾಯ್ಡ್ ಹೊಕ್ಕುಳಿನಿಂದಲೇ ಶುರುವಾಗುವುದು ಜಾಸ್ತಿ. ಹಿಗ್ಗಿದ ಗೆರೆಯ ದದ್ದಿನಿಂದ ಮಗುವಿಗೆ ಏನೂ ಆಗುವುದಿಲ್ಲ, ಹೆರಿಗೆಯಾದ ಮೇಲೆ ಹೋಗುತ್ತದೆ.

ನಾವು ನಿಜವಾಗಿ ಹೆದರುವ ತುರಿಕೆ ಮೂರನೆಯದು. ದದ್ದು ಇಲ್ಲ, ಗುಳ್ಳೆ ಇಲ್ಲ, ವಿಪರೀತ ತುರಿಕೆ, ಅಂಗೈ ಅಂಗಾಲಿನಲ್ಲೇ ಹೆಚ್ಚು, ರಾತ್ರಿ ಜಾಸ್ತಿ. ಅದು ಲಿವರಿನದ್ದು. ಪಿತ್ತದ ಆಮ್ಲ ರಕ್ತದಲ್ಲಿ ಏರಿರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. "ಪಿತ್ತ ಏರಿದೆ, ಎಳನೀರು ಕುಡಿ" ಎಂದು ಮನೆಯಲ್ಲಿ ಕೂರಿಸಬೇಡಿ. ಅದೇ ದಿನ ತೋರಿಸಿ.

ನೀರ್ಚಾಲಿನ ಲ್ಯಾಬಿನವಳು

ಒಪ್ಪಿದೆ ಸಿಸ್ಟರ್. ನನ್ನ ಟೇಬಲ್ಲಿಗೆ ಬರುವುದೇ ಗುಳ್ಳೆಯವರು, ಹಾಗಾಗಿ ನನಗೆ ಲೋಕವೆಲ್ಲ ಗುಳ್ಳೆಯಾಗಿ ಕಾಣುತ್ತದೆ.

ಎರಡು ಹೆತ್ತವಳು, ಮುಳ್ಳೇರಿಯ

ನನಗೆ ಬಂದದ್ದು ಇದೇ. ಇಷ್ಟು ವರ್ಷದಲ್ಲಿ ಇನ್ನೊಬ್ಬರಿಗೂ ಬಂದಿದೆ ಎಂದು ಕನ್ನಡದಲ್ಲಿ ಓದುತ್ತಿರುವುದು ಇವತ್ತೇ.

ಮೊದಲ ಸಲ ಎಂಟನೇ ತಿಂಗಳಲ್ಲಿ. ಒಂದು ಆಸ್ಪತ್ರೆಯಲ್ಲಿ ಚರ್ಮದ ಚೂರು ತೆಗೆದರು. ವಿಶೇಷ ಟೆಸ್ಟಿಗೆ ಬೇಕಾದ ಚೂರನ್ನೂ ಫಾರ್ಮಲಿನ್ ಬಾಟಲಿಗೇ ಹಾಕಿಬಿಟ್ಟರಂತೆ. ಅದರಲ್ಲಿ ಹಾಕಿದರೆ ಆ ಟೆಸ್ಟ್ ಆಗುವುದಿಲ್ಲ. ಹತ್ತು ದಿನ ಕಾದ ಮೇಲೆ ತಿಳಿಯಿತು. ಮತ್ತೆ ತೆಗೆಸಿಕೊಂಡೆ. ಸಿಟ್ಟಿನಿಂದ ಅತ್ತಿದ್ದೆ ಆ ದಿನ.

ಹೆರಿಗೆಯಾದ ಕೂಡಲೇ ಹೋಗುತ್ತದೆ ಎಂದಿದ್ದರು. ನನಗೆ ಹೆರಿಗೆಯ ಎರಡನೇ ದಿನ ಇನ್ನಷ್ಟು ಹೆಚ್ಚಾಯಿತು. ಅದೇ ಸಮಯಕ್ಕೆ ಬಾಣಂತಿ ಸ್ನಾನ. ಹಂಡೆಯಲ್ಲಿ ಕುದಿಯುವ ನೀರು, ಅದನ್ನು ಬೆನ್ನಿಗೆ ಬೀಸಿ ಬೀಸಿ ಎರಚುವುದು ನಮ್ಮಲ್ಲಿ ಕ್ರಮ ಅಲ್ವಾ? ಎರಡು ಚೊಂಬು ಬೀಳುವಷ್ಟರಲ್ಲಿ ಗುಳ್ಳೆಗಳು ಒಡೆದವು. ನಾನು ಕಿರುಚಿದ್ದು ಆಚೆ ಮನೆಗೆ ಕೇಳಿತು. ಆಮೇಲೆ ಉಗುರುಬೆಚ್ಚಗಿನ ನೀರು ಮಾತ್ರ ಎಂದು ಹಟ ಹಿಡಿದೆ. ನೀರು ಹಾಕುವ ಅಜ್ಜಿಗೆ ಬೇಸರ. ಅಮ್ಮ "ಬಾಣಂತನ ಕೆಟ್ಟಿತು" ಎಂದು ಕಣ್ಣೀರು ಹಾಕಿದರು. ಒಡೆದ ಜಾಗದಲ್ಲಿ ಕೀವಾಗಿ ಅದಕ್ಕೊಂದು ಮದ್ದು ಬೇರೆ.

ಮಗುವಿನ ಅಂಗಾಲಿನಲ್ಲೂ ನಾಲ್ಕು ಗುಳ್ಳೆ ಇತ್ತು. ಮದ್ದು ಎಂತದೂ ಹಾಕಲಿಲ್ಲ. ಎರಡು ವಾರದಲ್ಲಿ ಒಣಗಿತು. ಈಗ ಏಳನೇ ಕ್ಲಾಸು, ಮರ ಹತ್ತುತ್ತಾನೆ.

ಎರಡನೇ ಬಸಿರಿನಲ್ಲಿ ನಾಲ್ಕನೇ ತಿಂಗಳಿಗೇ ಶುರು, ಮೊದಲಿಗಿಂತ ಜೋರು.

ಅಡಿಕೆ ಸುಲಿಯುವವ

ಅಕ್ಕಾ, ಮಗುವಿಗೆ ಯಾಕೆ ಬಂತು? ಅಂಟುತ್ತದಾ ಇದು?

ನೀರ್ಚಾಲಿನ ಲ್ಯಾಬಿನವಳು

ಅಂಟುವುದಿಲ್ಲ. ಗಂಡನಿಗೂ ಇಲ್ಲ, ಮನೆಯ ಇನ್ನೊಂದು ಮಗುವಿಗೂ ಇಲ್ಲ.

ಹೊಟ್ಟೆಯಲ್ಲಿರುವ ಮಗುವಿನ ಕಥೆ ಬೇರೆ. ಐಜಿಜಿ ಆಂಟಿಬಾಡಿಗೆ ಮಾಸು ದಾಟಲು ಪಾಸ್ ಇದೆ. 2020ರ ಮಾರ್ಚಿನಲ್ಲಿ ಕೊರೊನಾ ಎಂದು ತಲಪಾಡಿ ಗಡಿಯಲ್ಲಿ ಮಣ್ಣು ರಾಶಿ ಹಾಕಿ ದಾರಿ ಮುಚ್ಚಿದಾಗ ನಾವು ಪಾಸಿಗೆ ಪಟ್ಟ ಪಾಡು ಮರೆಯಲು ಸಾಧ್ಯವಾ? ಡಯಾಲಿಸಿಸಿನವರು, ಹೆರಿಗೆಯವರು ಎಲ್ಲ ಆಚೆ ಬದಿಯಲ್ಲೇ ನಿಂತಿದ್ದರು. ಮಾಸಿನ ಗಡಿಯಲ್ಲೂ ಹಾಗೆಯೇ, ಎಲ್ಲರನ್ನೂ ಬಿಡುವುದಿಲ್ಲ. ಐಜಿಜಿಯನ್ನು ಮಾತ್ರ ಕೈಹಿಡಿದು ದಾಟಿಸಲು ಒಂದು ಪ್ರೋಟೀನು ನಿಂತಿರುತ್ತದೆ. ಅದು ಒಳ್ಳೆಯದಕ್ಕೇ ಇರುವ ವ್ಯವಸ್ಥೆ. ತಾಯಿಯ ರಕ್ಷಣೆ ಮಗುವಿಗೆ ಸಿಗುವುದು ಅದರಿಂದಲೇ. ಆದರೆ ಆ ದಾರಿಯಲ್ಲಿ ಈ ಕೆಟ್ಟ ಐಜಿಜಿಯೂ ದಾಟುತ್ತದೆ. ಹತ್ತರಲ್ಲಿ ಒಂದು ಮಗುವಿಗೆ ಸಣ್ಣ ಮಟ್ಟಿಗೆ ಗುಳ್ಳೆ ಕಾಣಬಹುದು. ಮಗುವಿನ ಸ್ವಂತ ಕಣಗಳು ಅದನ್ನು ತಯಾರಿಸುವುದಿಲ್ಲ. ತಾಯಿಯಿಂದ ಬಂದ ದಾಸ್ತಾನು ಮುಗಿದರೆ ಕಥೆ ಮುಗಿಯಿತು. ಮೂರು ವಾರಕ್ಕೊಮ್ಮೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಮಗುವಿನ ವಿಷಯದಲ್ಲಿ ಗಮನ ಇಡಬೇಕಾದದ್ದು ಗುಳ್ಳೆಗಿಂತ ತೂಕ. ಜಗಳ ನಡೆಯುವುದು ಮಾಸಿನಲ್ಲೇ ಆದ್ದರಿಂದ ಮಾಸಿನ ಕೆಲಸ ಸ್ವಲ್ಪ ಕುಂದುತ್ತದೆ. ಮಗು ಸಣ್ಣದಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಅದಕ್ಕೇ ಸ್ಕ್ಯಾನಿಂಗ್ ಮೇಲಿಂದ ಮೇಲೆ ಮಾಡುವುದು.

ಮುಳ್ಳೇರಿಯದ ಅಕ್ಕನಿಗೆ ಎರಡನೇ ಸಲ ಬೇಗ ಬಂದದ್ದೂ ಕಣಗಳಿಂದಲೇ. ಬಿ ಮತ್ತು ಟಿ ಕಣಗಳಲ್ಲಿ ಕೆಲವು ನೆನಪಿಟ್ಟುಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಲಸಿಕೆ ಕೆಲಸ ಮಾಡುವುದೂ ಹೀಗೆಯೇ. ಮತ್ತೆ ಬಸಿರಾದಾಗ ಅವು ಹೊಸದಾಗಿ ಕಲಿಯಬೇಕಿಲ್ಲ. ಅಪರೂಪಕ್ಕೆ ಒಂದು ಬಸಿರು ಬಿಟ್ಟು ಇನ್ನೊಂದಕ್ಕೆ ಬರುವುದೂ ಇದೆ.

ಕಾಲೇಜು ಹುಡುಗಿ, ಮಂಜೇಶ್ವರ

ನನಗೊಂದು ಗೊಂದಲ. ಬಸಿರಿನಲ್ಲಿ ಇಮ್ಯುನಿಟಿ ಕಡಿಮೆಯಾಗುತ್ತದೆ, ಮಗುವನ್ನು ಹೊರಹಾಕಬಾರದಲ್ಲ, ಅದಕ್ಕೆ ಎಂದು ಲೆಕ್ಚರರ್ ಹೇಳಿದ್ದರು. ಕಡಿಮೆಯಾಗಿದ್ದರೆ ಇಂಥ ಕಾಯಿಲೆ ಹೇಗೆ ಬರುತ್ತದೆ?

ನೀರ್ಚಾಲಿನ ಲ್ಯಾಬಿನವಳು

ಒಳ್ಳೆ ಪ್ರಶ್ನೆ. ಕಡಿಮೆಯಾಗುತ್ತದೆ ಎಂಬುದು ಹಳೆಯ ಮಾತು. ಬದಲಾಗುತ್ತದೆ ಎಂದರೆ ಸರಿ. ಗರ್ಭಕೋಶದ ಒಳಪದರದಲ್ಲಿ ಬಸಿರಿನ ಶುರುವಿಗೆ ರೋಗನಿರೋಧಕ ಕಣಗಳ ಸಂತೆಯೇ ಇರುತ್ತದೆ. ಅದರಲ್ಲಿ ಹೆಚ್ಚಿನವು ಎನ್‌ಕೆ ಕಣಗಳು. ಹೆಸರು ನ್ಯಾಚುರಲ್ ಕಿಲ್ಲರ್. ಆದರೆ ಅಲ್ಲಿ ಅವು ಯಾರನ್ನೂ ಕೊಲ್ಲುವುದಿಲ್ಲ. ಮಾಸಿಗೆ ರಕ್ತನಾಳಗಳು ಅಗಲವಾಗಲು ಸಹಾಯ ಮಾಡುತ್ತವೆ. ಹೆಸರು ಒಂದು, ಕೆಲಸ ಇನ್ನೊಂದು.

ಜೊತೆಗೆ ಟಿ-ರೆಗ್ ಎಂಬ ಟಿ ಕಣಗಳಿವೆ. ಊರಿನ ಪಂಚಾತಿಕೆಯ ಹಿರಿಯರ ಹಾಗೆ ಉಳಿದ ಟಿ ಕಣಗಳನ್ನು ಸಮಾಧಾನ ಮಾಡುವವು. ಬಸಿರಿನಲ್ಲಿ ಇವು ಹೆಚ್ಚಾಗುತ್ತವೆ. ಸಹಾಯಕ ಟಿ ಕಣಗಳೂ ಆಂಟಿಬಾಡಿಯ ದಾರಿಗೆ ಹೆಚ್ಚು ವಾಲುತ್ತವೆ. ಹಾಗಾಗಿಯೇ ಸಂಧಿವಾತ ಇರುವ ಕೆಲವರಿಗೆ ಬಸಿರಿನಲ್ಲಿ ಆರಾಮ. ಆದರೆ ಆಂಟಿಬಾಡಿಯಿಂದಲೇ ನಡೆಯುವ ಕಾಯಿಲೆಗೆ ಅದೇ ವಾಲುವಿಕೆ ಅನುಕೂಲ.

ಹೆರಿಗೆಯಾದ ಕೂಡಲೇ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸರ್‍ರನೆ ಇಳಿಯುತ್ತದೆ. ಕಣಗಳನ್ನು ತಡೆದು ಹಿಡಿದಿದ್ದ ಒಂದು ಕೈ ಬಿಟ್ಟ ಹಾಗೆ. ಹೆರಿಗೆಯ ಸಮಯಕ್ಕೆ ಮುಕ್ಕಾಲು ಪಾಲು ಜನರಿಗೆ ಗುಳ್ಳೆ ಮತ್ತೆ ಜೋರಾಗುವುದಕ್ಕೆ ಇದನ್ನು ಕಾರಣ ಎನ್ನುತ್ತಾರೆ.

ಕುಂಬಳೆ ಸೀಮೆ

ನನ್ನ ಮಾವನಿಗೆ ಪೆಂಫಿಗಸ್ ಇತ್ತು. ಅದೂ ಇದೇಯಾ?

ನೀರ್ಚಾಲಿನ ಲ್ಯಾಬಿನವಳು

ಅಲ್ಲ. ಹೆಸರು ಅಣ್ಣತಮ್ಮಂದಿರ ಹಾಗೆ. ಗ್ರೀಕಿನಲ್ಲಿ ಪೆಂಫಿಕ್ಸ್ ಎಂದರೆ ಗುಳ್ಳೆ, ಎರಡೂ ಅಲ್ಲಿಂದ ಬಂದದ್ದು. ಪೆಂಫಿಗಸ್ಸಿನಲ್ಲಿ ಸಾರಣೆ ಗೋಡೆಯಿಂದ ಏಳುವುದಲ್ಲ, ಸಾರಣೆಯೇ ಒಳಗೊಳಗೆ ಬಿರಿಯುತ್ತದೆ. ಅಲ್ಲಿ ಗುರಿ ಡೆಸ್ಮೊಗ್ಲೀನ್ ಎಂಬ ಬೇರೆ ಪ್ರೋಟೀನು. ಗುಳ್ಳೆ ಸಡಿಲ, ಬೇಗ ಒಡೆಯುತ್ತದೆ. ಬಾಯೊಳಗೆ ಹುಣ್ಣು ಜಾಸ್ತಿ. ಬಸುರಿಯರಿಗೆ ಅದೂ ಬರಬಹುದು, ಆದರೆ ಬಸಿರೇ ಅದಕ್ಕೆ ಕಾರಣ ಅಲ್ಲ.

ಅಡಿಕೆ ಸುಲಿಯುವವ

ನನ್ನ ಅನುಮಾನ ಮಾತ್ರೆಯ ಮೇಲೆ. ಸ್ಟೀರಾಯ್ಡ್ ಅಲ್ವಾ ಅದು? ಬಸುರಿಗೆ ಸ್ಟೀರಾಯ್ಡ್ ಎಂದರೆ ಕೇಳಿದವರು ಹಾರಿಬೀಳುತ್ತಾರೆ.

ಪೆರ್ಲದ ಅಳಿಯ

ಅದೇ ನಮ್ಮ ಮನೆಯಲ್ಲೂ ಆಗುತ್ತಿರುವುದು. ನಿನ್ನೆ ಇವಳು ಮಾತ್ರೆ ತಗೊಂಡಿಲ್ಲ. ಮಗುವಿಗೆ ಹೋಗುತ್ತದೆ ಎಂದು ಯಾರೋ ಫೋನಿನಲ್ಲಿ ಹೆದರಿಸಿದ್ದಾರೆ.

ಶಾರ್ಜಾ ಸಿಸ್ಟರ್, ಮೂಲ ಉಪ್ಪಳ

ದಯವಿಟ್ಟು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬಿಟ್ಟ ಮಾತ್ರೆಯ ವಿಷಯ ಹೇಳಿ. ಈ ಮಾತ್ರೆಯನ್ನು ನೀವಾಗಿ ಒಮ್ಮೆಗೇ ನಿಲ್ಲಿಸಬಾರದು. ಕೆಲವು ವಾರ ತೆಗೆದುಕೊಂಡ ಮೇಲೆ ಮೈ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ.

ಮಗುವಿಗೆ ಹೋಗುತ್ತದೆಯಾ ಎಂದರೆ, ಬಹಳ ಕಡಿಮೆ. ಪ್ರೆಡ್ನಿಸೊಲೋನನ್ನು ನಿಷ್ಕ್ರಿಯ ಮಾಡುವ ಎನ್‌ಜೈಮ್ ಮಾಸಿನಲ್ಲೇ ಇದೆ. ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ದಾಟುತ್ತದೆ. ಬಸುರಿಗೆ ಬೇಕೆಂದೇ ಇದನ್ನು ಆರಿಸುವುದು. ಡೆಕ್ಸಾಮೆಥಸೋನ್, ಬೀಟಾಮೆಥಸೋನ್ ಹಾಗಲ್ಲ, ಅವು ದಾಟುತ್ತವೆ. ದಿನ ತುಂಬದೆ ಹೆರಿಗೆಯಾಗುವ ಸಂಭವ ಇದ್ದಾಗ ಮಗುವಿನ ಶ್ವಾಸಕೋಶ ಬಲಿಯಲಿ ಎಂದು ಕೊಡುವ ಇಂಜೆಕ್ಷನ್ ಅವೇ. ದಾಟಬೇಕು ಎಂದೇ ಅವನ್ನು ಕೊಡುವುದು. ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಉಪಾಯ.

ತೊಂದರೆ ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ. ತಾಯಿಗೆ ಸಕ್ಕರೆ ಏರಬಹುದು, ಬಿಪಿ ಏರಬಹುದು (ಇದು ನಿಜವಾದ ಬಿಪಿ). ಎರಡನ್ನೂ ನೋಡುತ್ತಿರಬೇಕು. ಗುಳ್ಳೆ ಕಡಿಮೆ ಇದ್ದರೆ ಹಚ್ಚುವ ಮುಲಾಮಿನಲ್ಲೇ ಮುಗಿಸುತ್ತಾರೆ. ನಿಮ್ಮವರಿಗೆ ಮೈತುಂಬ ಹಬ್ಬಿದೆ, ಅದಕ್ಕೆ ಮಾತ್ರೆ.

ನೀರ್ಚಾಲಿನ ಲ್ಯಾಬಿನವಳು

ಸಿಸ್ಟರ್ ಹೇಳಿದ್ದಕ್ಕೆ ಕಣಗಳ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸ್ಟೀರಾಯ್ಡ್ ಇದ್ದಾಗ ಇಯೋಸಿನೊಫಿಲ್ಲುಗಳು ಬೇಗ ಸಾಯುತ್ತವೆ. ಟಿ ಕಣಗಳ ಕೂಗು ತಗ್ಗುತ್ತದೆ. ಅಂದರೆ ಜೆಸಿಬಿ ಮೊದಲು ನಿಲ್ಲುತ್ತದೆ. ಆದರೆ ಗೋಡೆಗೆ ಹಾಕಿದ ಬಣ್ಣದ ಗುರುತು ಹಾಗೇ ಇರುತ್ತದೆ. ಕೆಲವೇ ದಿನದಲ್ಲಿ ಹೊಸ ಗುಳ್ಳೆ ನಿಂತಿತೆಂದು ಮಾತ್ರೆ ಬಿಟ್ಟರೆ ಅದೇ ಗುರುತು ಹಿಡಿದು ಜೆಸಿಬಿ ವಾಪಸು ಬರುತ್ತದೆ. ನಿಧಾನವಾಗಿ ಇಳಿಸುವುದು ಇದಕ್ಕೂ ಹೌದು.

ಪ್ರೆಡ್ನಿಸೊಲೋನಿಗೆ ಬಗ್ಗದಿದ್ದರೆ ಬೇರೆ ದಾರಿಗಳೂ ಇವೆ. ದಾನಿಗಳ ರಕ್ತದಿಂದ ತೆಗೆದ ಒಳ್ಳೆಯ ಐಜಿಜಿಯನ್ನೇ ರಕ್ತನಾಳಕ್ಕೆ ಕೊಡುವುದು ಒಂದು. ರಿಟುಕ್ಸಿಮ್ಯಾಬ್ ಎಂಬುದು ಬಿ ಕಣಗಳನ್ನೇ ತೆಗೆಯುವ ಮದ್ದು, ಹಟಮಾರಿ ಕೇಸುಗಳಿಗೆ.

ವಿಶೇಷ ಟೆಸ್ಟಿನ ಚೂರು ಯಾವುದರಲ್ಲಿ ಕಳಿಸಿದರು? ವಿಚಾರಿಸಿ. ಫಾರ್ಮಲಿನ್ ಆಗಬಾರದು. ಮೈಕೆಲ್ ದ್ರಾವಣ ಬೇಕು, ಅದಿಲ್ಲದಿದ್ದರೆ ಬೇಗ ತಲುಪುವುದಾದರೆ ಸಲೈನ್ ಕೂಡ ನಡೆಯುತ್ತದೆ. ಗುಳ್ಳೆಯನ್ನಲ್ಲ, ಗುಳ್ಳೆಯ ಪಕ್ಕದ ಚರ್ಮ ತೆಗೆಯಬೇಕು.

ಪೆರ್ಲದ ಅಳಿಯ (ಹನ್ನೆರಡು ದಿನದ ನಂತರ)

ರಿಪೋರ್ಟ್ ಬಂತು. "ಸಿ 3 ಲೀನಿಯರ್ ಪಾಸಿಟಿವ್" ಎಂದಿದೆ. ಐಜಿಜಿ ನೆಗೆಟಿವ್. ಇದು ಹೇಗೆ? ಆಂಟಿಬಾಡಿಯೇ ಇಲ್ಲ ಎಂದಾ?

ನೀರ್ಚಾಲಿನ ಲ್ಯಾಬಿನವಳು

ಇದೆ. ಈ ಕಾಯಿಲೆಯಲ್ಲಿ ಸಿ 3 ಹೆಚ್ಚು ಕಡಿಮೆ ಎಲ್ಲರಲ್ಲೂ ಸಿಗುತ್ತದೆ. ಐಜಿಜಿ ಈ ಟೆಸ್ಟಿನಲ್ಲಿ ಅರ್ಧದಷ್ಟು ಜನರಲ್ಲೂ ಕಾಣುವುದಿಲ್ಲ. ಒಂದು ಸಣ್ಣ ಚುಕ್ಕಿ ಗುರುತಿಗೆ ಹತ್ತು ಜೆಸಿಬಿ ಬಂದ ಹಾಗೆ. ಗುರುತು ಕಣ್ಣಿಗೆ ಬೀಳದಿದ್ದರೂ ಜನ ಸೇರಿದ್ದು ಕಾಣುತ್ತದೆ.

ಸಿ 3 ಇದ್ದಲ್ಲಿ ಹೊಳೆಯುವ ಬಣ್ಣ ಅಂಟಿಸಿ ನೋಡುವ ಟೆಸ್ಟ್ ಇದು. ಒಮ್ಮೆ ನೀವು ಅದನ್ನು ನೋಡಬೇಕಿತ್ತು. ಕೋಣೆಯ ದೀಪ ಆರಿಸಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಎಲ್ಲ ಕಪ್ಪು. ಅದರ ನಡುವೆ ಚರ್ಮದ ಎರಡು ಪದರ ಕೂಡುವಲ್ಲಿ ಉದ್ದಕ್ಕೆ ಒಂದೇ ಒಂದು ಹಸಿರು ಗೆರೆ, ಮಿಂಚುಹುಳದ ಬಣ್ಣ. ಇಷ್ಟು ವರ್ಷವಾದರೂ ನನಗೆ ಅದು ಕಂಡಾಗ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಆಮೇಲೆ ಅದು ಯಾರದೋ ಉರಿ ಎಂದು ನೆನಪಾಗುತ್ತದೆ.

ಪೆರ್ಲದ ಅಳಿಯ (ಎರಡೂವರೆ ತಿಂಗಳ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕು. 37ನೇ ವಾರಕ್ಕೆ ಹೆರಿಗೆಯಾಯಿತು. ಹೆಣ್ಣು ಮಗು, 2.3 ಕಿಲೋ. ಮೈಮೇಲೆ ಒಂದೂ ಗುಳ್ಳೆ ಇಲ್ಲ. ಮೊದಲ ವಾರ ಹಾಲು ಕುಡಿಯಲು ಸ್ವಲ್ಪ ಸೋಮಾರಿ, ಈಗ ಸರಿಯಾಗಿದೆ.

ಮುಳ್ಳೇರಿಯದ ಅಕ್ಕ ಹೇಳಿದ ಹಾಗೆಯೇ ಆಯಿತು. ಹೆರಿಗೆಯ ಮೂರನೇ ದಿನ ಇವಳಿಗೆ ಮತ್ತೆ ಎದ್ದಿತು. ಮೊದಲೇ ಗೊತ್ತಿದ್ದರಿಂದ ಗಾಬರಿಯಾಗಲಿಲ್ಲ. ಡಾಕ್ಟರು ಮಾತ್ರೆ ಸ್ವಲ್ಪ ಏರಿಸಿದರು, ಈಗ ಇಳಿಸುತ್ತಾ 5 ಮಿಲಿಗ್ರಾಮಿಗೆ ಬಂದಿದ್ದಾರೆ. ಹಂಡೆಯ ನೀರಿನ ವಿಷಯದಲ್ಲಿ ನಾನೇ ಬಚ್ಚಲ ಬಾಗಿಲಲ್ಲಿ ನಿಂತೆ. ಅತ್ತೆಯವರಿಗೆ ಮಾಷ್ಟ್ರು ಹೇಳಿದ ಎರಡು ಮಗ್ಗುಲಿನ ಲೆಕ್ಕ ಹೇಳಿದ್ದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಈಗ ಬೆಳಿಗ್ಗೆ ಇಡ್ಲಿಯ ತಟ್ಟೆಯಲ್ಲೇ ಮಾತ್ರೆ ಇಟ್ಟು ತಂದುಕೊಡುವವರು ಅವರೇ.

ಒಂದು ಪ್ರಶ್ನೆ ಉಳಿದಿದೆ. ಮುಂದೆ ಮಕ್ಕಳು ಬೇಡ ಎಂದಿದ್ದೇವೆ. ಆಶಾ ಕಾರ್ಯಕರ್ತೆ ಬಸಿರು ತಡೆಯುವ ಗುಳಿಗೆ ಕೊಡಲೇ ಎಂದು ಕೇಳಿದರು. ತಗೊಳ್ಳಬಹುದಾ?

ಶಾರ್ಜಾ ಸಿಸ್ಟರ್, ಮೂಲ ಉಪ್ಪಳ

ಅಭಿನಂದನೆ! ಗುಳಿಗೆ ಈಗ ತಗೊಳ್ಳಬೇಡಿ. ಈಸ್ಟ್ರೋಜೆನ್ ಇರುವ ಗುಳಿಗೆಯಿಂದ ಕೆಲವರಿಗೆ ಗುಳ್ಳೆ ಮರಳಿ ಬಂದದ್ದಿದೆ. ಮಗು ಹಾಲು ಕುಡಿಯುವಾಗಲೂ ಅದು ಒಳ್ಳೆಯದಲ್ಲ. ಕಾಪರ್ ಟಿಯಲ್ಲಿ ಹಾರ್ಮೋನ್ ಇಲ್ಲ, ಅದನ್ನು ಕೇಳಿ. ಮುಟ್ಟು ಶುರುವಾದ ಮೇಲೆ ಆ ದಿನಗಳಲ್ಲಿ ಸ್ವಲ್ಪ ತುರಿಕೆ, ಒಂದೆರಡು ಗುಳ್ಳೆ ಬಂದರೂ ಬರಬಹುದು. ಕಾಯಿಲೆಯ ಹೆಸರನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಬರೆಸಿ ಇಡಿ, ಮಲಯಾಳದಲ್ಲೂ ಬರೆಸಿ. ಇಲ್ಲದಿದ್ದರೆ ಮತ್ತೆ ಯಾರಾದರೂ ಕುಮಿಳ ಎಂದರೆ ನಿಮ್ಮವರು ಪೆರ್ಲ ಎನ್ನುತ್ತಾರೆ.